ಮಗಳ ಹುಟ್ಟುಹಬ್ಬಕ್ಕೆ ಬಂದ ಎಲ್ಲರಿಗೂ, ಮುಖ್ಯವಾಗಿ ಅಕ್ಕನಿಗೆ

ಮೊನ್ನೆ ಮಗಳಿಗೆ ಒಂದು ವರ್ಷ ತುಂಬಿತು. ಜೂನ್ ಮಳೆಯಲ್ಲೂ ಅಷ್ಟು ಜನ ಬಂದಿರಿ, ಮಗುವನ್ನು ಎತ್ತಿ ಆಡಿಸಿದಿರಿ. ಕಳೆದ ವರ್ಷ ಬಾಣಂತನದಲ್ಲಿ ನನ್ನ ಮನಸ್ಸಿಗೆ ಕಾಯಿಲೆ ಬಂದ ಮಾತನ್ನು ಯಾರೂ ಎತ್ತಲಿಲ್ಲ. ನಿಮ್ಮ ಸಂಕೋಚ ಅರ್ಥವಾಗುತ್ತದೆ. ಆದರೆ ನಾನೇ ಎತ್ತುತ್ತಿದ್ದೇನೆ. ಕೆಲವರಿಗೆ ಥ್ಯಾಂಕ್ಸ್ ಹೇಳುವುದು ಬಾಕಿ ಇದೆ.

ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ಹೆರಿಗೆ ಚೆನ್ನಾಗಿಯೇ ಆಯಿತು. ಬಾಣಂತನಕ್ಕೂ ಕೊರತೆ ಇರಲಿಲ್ಲ. ಎಣ್ಣೆ ತಿಕ್ಕಿ ಹಂಡೆ ಹಂಡೆ ಬಿಸಿನೀರು, ನಮ್ಮ ತೋಟದ್ದೇ ಕರಿಮೆಣಸಿನ ಸಾರು, ಬೆಳ್ಳುಳ್ಳಿ, ಸಾಂಬ್ರಾಣಿ ಹೊಗೆ. ಹೊಲಿಗೆ ಒಣಗಿತಾ, ಹಾಲು ಸಾಕಾಗುತ್ತಾ ಅಂತ ದಿನಾ ವಿಚಾರಿಸುತ್ತಿದ್ದರು. ಮನಸ್ಸು ಹೇಗಿದೆ ಅಂತ ಕೇಳುವ ರೂಢಿ ನಮ್ಮ ಬಾಣಂತನದಲ್ಲಿ ಇಲ್ಲ. ಅತ್ತರೆ ಮಾತ್ರ ಎಲ್ಲರಿಗೂ ಕಾಣುತ್ತದೆ: ಬಾಣಂತಿ ಕಣ್ಣೀರು ಹಾಕಬಾರದು, ಹಾಲು ಬತ್ತುತ್ತದೆ ಅನ್ನುತ್ತಾರೆ. ಹಾಗಾಗಿ ಬಚ್ಚಲಲ್ಲೇ ಅತ್ತು ಬರುತ್ತಿದ್ದೆ. ಕಣ್ಣು ಕೆಂಪಾದರೆ ಒಲೆಯ ಹೊಗೆ ಇದ್ದೇ ಇತ್ತಲ್ಲ!

ಹೆರಿಗೆಯಾದ ಹೊಸದರಲ್ಲಿ ಸುಮ್ಮಸುಮ್ಮನೆ ಅಳು ಬರುವುದು ತುಂಬಾ ಹೆಂಗಸರಿಗೆ ಇದ್ದದ್ದೇ. ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ನನ್ನದು ಹೋಗಲಿಲ್ಲ. ಮಗು ಮಲಗಿದರೂ ನನಗೆ ನಿದ್ದೆ ಇಲ್ಲ. ತೊಟ್ಟಿಲ ಹತ್ತಿರ ನಿಂತರೆ ಏನೂ ಅನ್ನಿಸುತ್ತಿರಲಿಲ್ಲ. ಪ್ರೀತಿ ಬಿಡಿ, ಕೋಪವೂ ಇಲ್ಲ.

ಇನ್ನು ಅಕ್ಕ. ನನ್ನ ಓರಗಿತ್ತಿ. ನಮ್ಮಿಬ್ಬರಿಗೆ ಅಷ್ಟಕ್ಕಷ್ಟೇ ಅಂತ ನೆಂಟರಿಗೆಲ್ಲ ಗೊತ್ತು, ಅದರಲ್ಲಿ ಸುಳ್ಳೇನೂ ಇಲ್ಲ. ಅವತ್ತು ಕಕ್ಕಡ ಹದಿನೆಂಟು, ಆಗಸ್ಟ್ 3, ನಮ್ಮ ಕೊಡಗಿನಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುವ ದಿನ. ಮರ ಬಿದ್ದು ರಸ್ತೆ ಬಂದ್. ಕರೆಂಟ್ ಹೋಗಿ ಎಷ್ಟೋ ಹೊತ್ತಾಗಿತ್ತು. ಇವರು ಬೆಂಗಳೂರಿನಲ್ಲಿದ್ದರು. ಅಕ್ಕ ಮದ್ದುಸೊಪ್ಪು ಕುದಿಸಿ ಪಾಯಸ ಮಾಡಿ ಮುಗಿಸಿದ್ದರು. ನಾನು ಅಡುಗೆಮನೆಗೆ ಹೋಗಿ ಮಗುವನ್ನು ಅವರ ಕೈಗೆ ಕೊಟ್ಟು, 'ಇವತ್ತು ರಾತ್ರಿ ಇವಳನ್ನ ನನ್ನ ಹತ್ತಿರ ಬಿಡಬೇಡಿ' ಎಂದೆ.

ಅಕ್ಕ ಬೆಚ್ಚಲಿಲ್ಲ. ಅಯ್ಯೋ ಅನ್ನಲಿಲ್ಲ. ದೃಷ್ಟಿ ತೆಗೆಯಲಿಕ್ಕೂ ಹೋಗಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು, 'ನಿನ್ನನ್ನೂ ಒಬ್ಬಳೇ ಬಿಡಲ್ಲ, ಬಾ' ಎಂದರು. ಮದ್ದುಸೊಪ್ಪಿನ ನೇರಳೆ ಬಣ್ಣ ಅವರ ಉಗುರಿನ ಸಂದಿಯಲ್ಲೆಲ್ಲ ಹಿಡಿದಿತ್ತು. ಆ ಬೆರಳುಗಳು ಮಗುವಿನ ಬೆನ್ನು ತಟ್ಟುತ್ತಿದ್ದದ್ದು ಬಿಟ್ಟರೆ ಆ ಹೊತ್ತಿನದು ನನಗೆ ಜಾಸ್ತಿ ನೆನಪಿಲ್ಲ.

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ. ಆಶಾ ಕಾರ್ಯಕರ್ತೆ ತಾಯಿ ಕಾರ್ಡಿನ ಹಿಂದೆ 14416 ಅಂತ ಬರೆದುಕೊಟ್ಟಿದ್ದರು. ಮನಸ್ಸಿನ ಕಷ್ಟಕ್ಕೆ ಇರುವ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್ ನಂಬರ್, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ. ಅತ್ತೆಯನ್ನು ಎಬ್ಬಿಸಿ ಮಗುವನ್ನು ಅವರ ಪಕ್ಕ ಮಲಗಿಸಿ, ಅಕ್ಕ ಆ ಮಳೆಯಲ್ಲಿ ನನ್ನನ್ನು ಕಣಕ್ಕೆ ಕರೆದುಕೊಂಡು ಹೋದರು. ಒಂದೇ ಕೊಡೆ. ನಾನು ಮಾತಾಡಿ ಮುಗಿಸುವವರೆಗೂ ನನ್ನ ತಲೆಯ ಮೇಲೆ ಹಿಡಿದು ತಾವು ನೆನೆಯುತ್ತಾ ನಿಂತಿದ್ದರು. ಆ ಕಡೆಯವರು ಕನ್ನಡದಲ್ಲೇ ಮಾತಾಡಿದರು. ಜೊತೆಗೆ ಯಾರಿದ್ದಾರೆ, ಮಗು ಯಾರ ಹತ್ತಿರ ಇದೆ ಅಂತ ಮೊದಲು ಕೇಳಿದರು.

ಆಮೇಲೆ ಅಕ್ಕ ಬೆಳಗಿನವರೆಗೂ ನನ್ನ ಪಕ್ಕ ಕೂತಿದ್ದರು. ಸಮಾಧಾನ ಹೇಳಲಿಲ್ಲ. ಕಾಫಿ ರೇಟು, ಈ ಸಲ ಮೆಣಸಿನ ಬಳ್ಳಿಗೆ ಬಂದ ಕೊಳೆರೋಗ, ತಮ್ಮ ತವರಿನ ನಾಯಿ, ಇಂಥದ್ದೇ ಮಾತು. ನಡುವೆ ಒಮ್ಮೆ, ನನ್ನ ಕಡೆ ನೋಡದೆ, 'ನನಗೂ ದೊಡ್ಡವನು ಹುಟ್ಟಿದಾಗ ಹೀಗೇ ಆಗಿತ್ತು, ಯಾರಿಗೂ ಹೇಳಿರಲಿಲ್ಲ' ಎಂದರು. ದೊಡ್ಡವನು ಈಗ ಪಿಯುಸಿ.

ನಾನಿಲ್ಲದಿದ್ದರೇ ಮಗುವಿಗೆ ಒಳ್ಳೆಯದು ಅಂತ ಆ ರಾತ್ರಿ ನನಗೆ ಅನುಮಾನವೇ ಇರಲಿಲ್ಲ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ. ಅದು ಕಾಯಿಲೆ ಆಡಿಸಿದ ಮಾತು ಅಂತ ಈಗ ಗೊತ್ತು. ಆಗ ಅದು ನನ್ನದೇ ಬುದ್ಧಿ ಅನ್ನಿಸಿತ್ತು.

ಬೆಳಿಗ್ಗೆ ಮರ ಕಡಿದು ದಾರಿ ಬಿಡಿಸಿದ ತೋಟದ ಕೆಲಸಗಾರರ ಲೈನ್‌ಮನೆಯವರಿಗೆ, ಜೀಪ್ ತಂದ ಪಕ್ಕದ ತೋಟದವರಿಗೆ, ಸಿಕ್ಕಿದ ಬಸ್ ಹತ್ತಿ ಓಡಿಬಂದ ಗಂಡನಿಗೆ, ನಾನು ಮಾತ್ರೆ ನುಂಗುವುದಕ್ಕೆ ತಕರಾರು ಮಾಡದ ಅತ್ತೆಗೆ, ಆಶಾ ಕಾರ್ಯಕರ್ತೆಗೆ, ಎಲ್ಲರಿಗೂ ನಾನು ಋಣಿ.

ಮನೋವೈದ್ಯರಿಗೂ. ಅವರು ಹತ್ತು ಪ್ರಶ್ನೆಗಳ ಹಾಳೆ ಓದಿದರು. 1987ರಲ್ಲಿ ಎಡಿನ್‌ಬರ್ಗ್ ಕಡೆಯವರು ಬಾಣಂತಿಯರಲ್ಲಿ ಖಿನ್ನತೆ ಇದೆಯಾ ಅಂತ ನೋಡಲೆಂದೇ ಮಾಡಿದ್ದು. ಕಳೆದ ಏಳು ದಿನಗಳಲ್ಲಿ ನಗು ಬಂತಾ ಅನ್ನುವುದೇ ಮೊದಲ ಪ್ರಶ್ನೆ. ಅಲ್ಲೇ ಅತ್ತುಬಿಟ್ಟೆ. ಹಾಲುಣಿಸುವವರಿಗೂ ಕೊಡಬಹುದಾದ ಮಾತ್ರೆ ಇದೆ ಎಂದರು. ಕೆಲಸ ಮಾಡಲು ಕೆಲವು ವಾರ ಬೇಕು ಅಂತಲೂ ಹೇಳಿದರು. ಹಾಗೇ ಆಯಿತು. ಪುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬದ ಹೊತ್ತಿಗೆ ಒಂದು ದಿನ ಮಗಳು ಸೀನಿ, ತನ್ನ ಸೀನಿಗೆ ತಾನೇ ಬೆಚ್ಚಿದಳು. ನಾನು ನಕ್ಕೆ. ಅಕ್ಕ ಒಳಗಿಂದ ಬಂದು ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ ಹೋದರು.

ಮಾತ್ರೆ ಇನ್ನೂ ನಡೆಯುತ್ತಿದೆ. ಗುಣವಾಯಿತು ಅಂತ ನಾವೇ ನಿಲ್ಲಿಸುವ ಹಾಗಿಲ್ಲ, ಡಾಕ್ಟರೇ ಹೇಳಬೇಕು. ಅಕ್ಕನ ಜೊತೆ ಜಗಳವೂ ಮತ್ತೆ ಶುರುವಾಗಿದೆ, ಸದ್ಯಕ್ಕೆ ಫ್ರಿಜ್ ವಿಷಯಕ್ಕೆ.

ಹುಟ್ಟುಹಬ್ಬಕ್ಕೆ ಬರಲಾಗದವರು ಯಾವಾಗ ಬೇಕಾದರೂ ಬನ್ನಿ. ಫ್ರಾಕ್ ತರಬೇಡಿ, ಬೇಕಾದಷ್ಟಿವೆ. ಮಂಗಳವಾರವಾದರೆ ಮಧ್ಯಾಹ್ನದ ಮೇಲೆ ಬನ್ನಿ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಅವತ್ತೇ, ಬೆಳಿಗ್ಗೆ ನಾನು ಅಲ್ಲಿ ಸಾಲಿನಲ್ಲಿ ಇದ್ದರೂ ಇರುತ್ತೇನೆ.