ಎದುರು ಕೂತವರ ಹೆಸರೂ ಚಿತ್ರದ ಚೀಟಿಯಲ್ಲಿರಲಿ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಪಿಕಾಸೊ 1954ರಲ್ಲಿ ಸಿಲ್ವೆಟ್ ಎಂಬ ಹುಡುಗಿಯನ್ನು ಎದುರು ಕೂರಿಸಿ ಬರೆದ ಚಿತ್ರಗಳ ಬಗ್ಗೆ ಬಂದ ಬರಹ ಓದಿದೆವು. ಚಿತ್ರಗಳು ಚೆನ್ನಾಗಿ ಅಚ್ಚಾಗಿವೆ, ಅದಕ್ಕೆ ಅಭಿನಂದನೆ. ಆದರೆ ಬರಹ 1954ಕ್ಕೇ ನಿಂತುಬಿಟ್ಟಿದೆ. ಎತ್ತಿ ಕಟ್ಟಿದ ಜುಟ್ಟಿನ ಆ ಹುಡುಗಿ ಮುಂದೆ ಲಿಡಿಯಾ ಕಾರ್ಬೆಟ್ ಎಂಬ ಹೆಸರಿನಲ್ಲಿ ಸ್ವತಃ ಚಿತ್ರಕಲಾವಿದೆಯಾದರು ಎಂಬುದಕ್ಕೆ ಅದರಲ್ಲಿ ಒಂದು ಸಾಲೂ ಜಾಗ ಸಿಕ್ಕಿಲ್ಲ. ‘ಪಿಕಾಸೊನ ಹುಡುಗಿ’ ಎಂಬ ತಲೆಬರಹವಂತೂ ಇಲ್ಲದ ಅರ್ಥಕ್ಕೆ ದಾರಿ ಮಾಡಿಕೊಡುತ್ತದೆ.

ಸಿಲ್ವೆಟ್ ದಾವೀದ್ ಹುಟ್ಟಿದ್ದು 1934ರಲ್ಲಿ, ಪ್ಯಾರಿಸ್‌ನಲ್ಲಿ. ತಂದೆ ಫ್ರೆಂಚರು, ಚಿತ್ರಗಳ ವ್ಯಾಪಾರಿ, ತಾಯಿ ಇಂಗ್ಲಿಷರು. ದಕ್ಷಿಣ ಫ್ರಾನ್ಸಿನ ವಾಲೊರಿಸ್ ಕುಂಬಾರಿಕೆಗೆ ಹೆಸರಾದ ಊರು. ಸಿಲ್ವೆಟ್ ಮದುವೆಯಾಗಲಿದ್ದ ಟೋಬಿ ಜೆಲ್ಲಿನೆಕ್ ಅಲ್ಲಿ ಕುರ್ಚಿ ಮಾಡುತ್ತಿದ್ದರು, ಟೋಬಿಯಿಂದ ಪಿಕಾಸೊ ಕುರ್ಚಿ ಕೊಂಡರು, ಪರಿಚಯವಾದದ್ದು ಹಾಗೆ. ಆಗ ಆಕೆಗೆ 19, ಪಿಕಾಸೊಗೆ 72. 1954ರ ಏಪ್ರಿಲ್‌ನಿಂದ ಜೂನ್‌ವರೆಗೆ ಆಕೆ ರೂಪದರ್ಶಿಯಾಗಿ ಪಿಕಾಸೊ ಎದುರು ಕೂತರು. ರೇಖಾಚಿತ್ರ, ತೈಲಚಿತ್ರ, ತಗಡಿನ ಶಿಲ್ಪ ಎಲ್ಲ ಸೇರಿ 60ಕ್ಕೂ ಹೆಚ್ಚು ಕೃತಿಗಳಾದವು. ಕೂತದ್ದು ಬಟ್ಟೆ ತೊಟ್ಟು. ತಮ್ಮಿಬ್ಬರದು ಪ್ರಣಯವಾಗಿರಲಿಲ್ಲ ಎಂದು ಆಕೆಯೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಪಿಕಾಸೊ ಕೊಟ್ಟ ಒಂದು ಚಿತ್ರವನ್ನು ಆಮೇಲೆ ಮಾರಿ, ಆ ಹಣದಲ್ಲಿ ಪ್ಯಾರಿಸ್‌ನಲ್ಲಿ ಮನೆ ಮಾಡಿಕೊಂಡರು. ಮುಂದೆ ಇಂಗ್ಲೆಂಡಿಗೆ ಹೋಗಿ ನೆಲೆಸಿ, ನಲವತ್ತು ದಾಟಿದ ಮೇಲೆ ಕುಂಚವನ್ನು ಗಟ್ಟಿಯಾಗಿ ಹಿಡಿದರು. ಕಾರ್ಬೆಟ್ ಎಂಬುದು ಎರಡನೇ ಮದುವೆಯಿಂದ ಬಂದ ಹೆಸರು. ಇಷ್ಟನ್ನು ಹಾಕಲು ಒಂದು ಪ್ಯಾರಾ ಸಾಕಿತ್ತು.

ಚಿತ್ರಗಳಲ್ಲಿ ಹೆಚ್ಚಿನವು ಪಕ್ಕನೋಟದವೇ ಏಕೆ ಎಂದು ಬರಹದಲ್ಲಿ ಪ್ರಶ್ನೆ ಎತ್ತಿ ಹಾಗೇ ಬಿಟ್ಟಿದ್ದಾರೆ. ಉತ್ತರ ಜುಟ್ಟಿನಲ್ಲಿದೆ. ನೆತ್ತಿಯ ಹಿಂದೆ ಎತ್ತರಕ್ಕೆ ಕಟ್ಟಿದ ಜುಟ್ಟು ಎದುರಿನಿಂದ ಅಷ್ಟಾಗಿ ಕಾಣುವುದಿಲ್ಲ. ಪಕ್ಕದಿಂದ ನೋಡಿದರೆ ಮುಂದೆ ಮೂಗಿನ ಚೂಪು, ಹಿಂದೆ ಜುಟ್ಟಿನ ಇಳಿಜಾರು, ಎರಡನ್ನೂ ಹೊತ್ತು ನಿಂತ ಉದ್ದ ಕತ್ತು. ತೂಕ ಎರಡೂ ಕಡೆ ಹಂಚಿಹೋಗುತ್ತದೆ. ಇದರಲ್ಲಿ ಹಲವು ಚಿತ್ರಗಳು ಬೂದು, ಕಪ್ಪು, ಬಿಳಿಯಲ್ಲೇ ಮುಗಿದಿವೆ. ಆಕಾರವೇ ಇಷ್ಟು ಮಾತಾಡುವಾಗ ಬಣ್ಣಕ್ಕೆ ಕೆಲಸ ಕಡಿಮೆ.

ಅದೇ ಕಾರಣಕ್ಕೆ ಈ ಮುಖ ತಗಡಿಗೂ ಒಗ್ಗಿತು. ಪಿಕಾಸೊ ಮೊದಲು ಕಾಗದ ಅಥವಾ ರಟ್ಟು ಕತ್ತರಿಸಿ ಮಡಚಿ ನೋಡುತ್ತಿದ್ದರು. ಅದೇ ಅಳತೆಯಲ್ಲಿ ತಗಡು ಕತ್ತರಿಸಿ ಬಗ್ಗಿಸುವುದು ಲೋಹದ ಕೆಲಸದವರ ಪಾಲು. ಆಮೇಲೆ ಎರಡೂ ಬದಿಗೆ ಬಣ್ಣ. ಒಂದು ಮಡಿಕೆಯ ಮೇಲೆ ಪಕ್ಕನೋಟದ ಮೂಗು, ಇನ್ನೊಂದರ ಮೇಲೆ ಎದುರುನೋಟದ ಕಣ್ಣು. ನೋಡುವವರು ಸುತ್ತು ಹಾಕಿದರೆ ಮುಖ ತಿರುಗಿದಂತೆ ತೋರುತ್ತದೆ.

ನಮ್ಮ ಕರಾವಳಿಯ ಚಿತ್ರಕಲಾ ತರಗತಿಗಳಲ್ಲಿ ಇಂಥ ಮಡಚಿದ ತಲೆಯನ್ನು ಮಾಡಿಸಬಹುದು, ಖರ್ಚೂ ಹೆಚ್ಚಿಲ್ಲ. ಎ3 ಅಳತೆಯ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾರ್ಡ್ ಸಾಕು. ಮಡಚುವ ಗೆರೆಯ ಹೊರಬದಿಯಲ್ಲಿ ಬ್ಲೇಡಿನ ಬೆನ್ನಿನಿಂದ ಗೀರು ಹಾಕಬೇಕು. ಬ್ಲೇಡಿನ ಚೂಪು ಅಂಚಿನಿಂದ ಹಾಕಿದರೆ ಪದರ ಕತ್ತರಿಸಿ ಮಡಿಕೆಯಲ್ಲೇ ಹರಿಯುತ್ತದೆ. ಕತ್ತನ್ನು ಮೊದಲು ಮಡಚಿ, ಮುಖವನ್ನು ಆಮೇಲೆ. ಮಕ್ಕಳು ಸಾಮಾನ್ಯವಾಗಿ ಉಲ್ಟಾ ಮಾಡುತ್ತಾರೆ, ಆಗ ಮುಖದ ಮಡಿಕೆ ಕತ್ತನ್ನು ಎಳೆದು ತಲೆ ಮುಂದಕ್ಕೆ ಬೀಳುತ್ತದೆ. ಜುಟ್ಟನ್ನು ಒಂದೇ ತುಂಡಿನಲ್ಲಿ ಕತ್ತರಿಸಬೇಡಿ. ಬೇರೆಯಾಗಿ ಮಾಡಿ ಸೀಳಿನಲ್ಲಿ ಸಿಕ್ಕಿಸಿದರೆ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಸರಿಸಿ ತೂಕ ಸರಿಮಾಡಬಹುದು. ಮಳೆ ಜೋರಿರುವ ಆಟಿ ತಿಂಗಳಲ್ಲಿ ಕಾರ್ಡ್ ತೇವ ಹೀರಿ ಮಡಿಕೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಳಬದಿಗೆ ತೆಳ್ಳಗೆ ಫೆವಿಕಾಲ್ ಸವರಿ ಒಣಗಿಸಿದರೆ ನಿಲ್ಲುತ್ತದೆ.

ದೊಡ್ಡವರು ತಗಡಿನಲ್ಲೇ ಮಾಡುವುದಾದರೆ 26 ಗೇಜಿನ ಜಿಐ ಶೀಟು (ಸತು ಲೇಪಿಸಿದ ತಗಡು) ಕೈಯಲ್ಲಿ ಬಗ್ಗುವಷ್ಟು ತೆಳು, ನಿಲ್ಲುವಷ್ಟು ಗಟ್ಟಿ. ಎರಡು ರೀಪಿನ ನಡುವೆ ಶೀಟನ್ನು ಕ್ಲ್ಯಾಂಪ್ ಹಾಕಿ ಬಿಗಿದು, ಮರದ ಸುತ್ತಿಗೆಯಿಂದ ಬಡಿದು ಬಗ್ಗಿಸಬೇಕು. ತಪ್ಪಾಯಿತೆಂದು ಅದೇ ಗೆರೆಯಲ್ಲಿ ಹಿಂದೆ ಮುಂದೆ ಮಾಡಿದರೆ ತಗಡು ಬಿರಿಯುತ್ತದೆ. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜದೆ ಮಕ್ಕಳ ಕೈಗೆ ಕೊಡಲೇಬಾರದು. ಇಲ್ಲಿ ಎಲ್ಲರೂ ಎಡವುವುದು ಬಣ್ಣದಲ್ಲಿ. ಜಿಐ ಶೀಟಿನ ಮೇಲೆ ನೇರವಾಗಿ ಎನಾಮಲ್ ಬಳಿದರೆ ಅದರ ಎಣ್ಣೆ ಸತುವಿನೊಂದಿಗೆ ಸೇರಿ ಸಾಬೂನಿನಂತಾಗುತ್ತದೆ, ಒಂದು ಮಳೆಗಾಲದೊಳಗೆ ಬಣ್ಣ ಹಾಳೆಹಾಳೆಯಾಗಿ ಏಳುತ್ತದೆ. ಲೋಹವನ್ನು ಕಚ್ಚಿ ಹಿಡಿಯುವ ‘ಎಟ್ಚ್ ಪ್ರೈಮರ್’ ಹೊಡೆದು ಒಣಗಿದ ಮೇಲೇ ಬಣ್ಣ. ಅಂಚಿನಲ್ಲಿ ಸತುವಿನ ಲೇಪ ಇರುವುದಿಲ್ಲ, ಕಡಲ ಗಾಳಿಗೆ ತುಕ್ಕು ಶುರುವಾಗುವುದೂ ಅಲ್ಲಿಂದಲೇ, ಹಾಗಾಗಿ ಅಂಚಿಗೆ ಪ್ರೈಮರ್ ಎರಡು ಸಲ.

ನ್ಯೂಯಾರ್ಕಿನ ದೊಡ್ಡ ಸಿಲ್ವೆಟ್ ಶಿಲ್ಪ ‘ಕಲ್ಲಿನಲ್ಲಿ ಕೆತ್ತಿದ್ದು’ ಎಂದು ಬರಹದಲ್ಲಿದೆ. ಅಲ್ಲ. ಕಲ್ಲಿನಲ್ಲಿ ಕಡೆದದ್ದು ನಮ್ಮ ಕಾರ್ಕಳದ ಗೊಮ್ಮಟ, 1432ರದು, ಸುಮಾರು 42 ಅಡಿ. ನ್ಯೂಯಾರ್ಕಿನದು ಕಾಂಕ್ರೀಟು: 36 ಅಡಿ ಎತ್ತರ, 60 ಟನ್ ತೂಕ, ವಾಸ್ತುಶಿಲ್ಪಿ ಐ. ಎಂ. ಪೇ ವಿನ್ಯಾಸದ ಬಹುಮಹಡಿ ವಸತಿ ಕಟ್ಟಡಗಳ ನಡುವೆ 1968ರಲ್ಲಿ ನಿಂತಿತು. ಎರಡು ಅಡಿಯ ಆಸುಪಾಸಿನ ತಗಡಿನ ತಲೆಯನ್ನು ಅಷ್ಟು ದೊಡ್ಡದು ಮಾಡಿದವರು ನಾರ್ವೆಯ ಕಲಾವಿದ ಕಾರ್ಲ್ ನೆಶಾರ್. ವಿಧಾನ ನಮ್ಮ ಸ್ಲ್ಯಾಬ್ ಹಾಕುವ ಕ್ರಮಕ್ಕೆ ತಿರುಗುಮುರುಗು. ಇಲ್ಲಿ ಜಲ್ಲಿ, ಮರಳು, ಸಿಮೆಂಟು ಕಲಸಿ ಸುರಿಯುತ್ತೇವೆ. ಅಲ್ಲಿ ಅಚ್ಚಿನೊಳಗೆ ಮೊದಲು ಕಪ್ಪು ಬಸಾಲ್ಟ್ ಜಲ್ಲಿಯನ್ನಷ್ಟೇ ಒತ್ತೊತ್ತಾಗಿ ತುಂಬಿ, ಆಮೇಲೆ ಸಿಮೆಂಟಿನ ಗ್ರೌಟನ್ನು (ತೆಳು ಗಾರೆಯನ್ನು) ಒತ್ತಡದಲ್ಲಿ ಹಾಯಿಸುತ್ತಾರೆ. ಗಟ್ಟಿಯಾದ ಮೇಲೆ ಮೈ ಪೂರಾ ಸಿಮೆಂಟಿನದೇ ತಿಳಿ ಬಣ್ಣ. ಗೆರೆ ಬೇಕಾದ ಕಡೆ ಮರಳನ್ನು ರಭಸದಿಂದ ಹಾಯಿಸಿದರೆ ಸಿಮೆಂಟಿನ ಪದರ ಹಾರಿ ಒಳಗಿನ ಕಪ್ಪು ಜಲ್ಲಿ ಮೇಲೆ ಬರುತ್ತದೆ. ಕಣ್ಣು, ಜುಟ್ಟಿನ ಎಳೆ ಎಲ್ಲವೂ ಹಾಗೇ ಮೂಡಿದ ಕಪ್ಪು. ಬಳಿದ ಬಣ್ಣವಲ್ಲವಾದ್ದರಿಂದ ಸಿಪ್ಪೆ ಏಳುವ ಮಾತಿಲ್ಲ. ಆದರೆ ಗ್ರೌಟು ಎಲ್ಲಾದರೂ ತಲುಪದಿದ್ದರೆ ಒಳಗೆ ಪೊಳ್ಳು ಉಳಿಯುತ್ತದೆ, ಮರಳು ಒಂದು ಗೆರೆ ಹೆಚ್ಚು ತಿಂದರೆ ಹಿಂದಕ್ಕೆ ಹಾಕಲಾಗದು. ಇದೇ ಕ್ರಮದ ಇನ್ನೊಂದು ಸಿಲ್ವೆಟ್ 1970ರಿಂದ ರೋಟರ್‌ಡ್ಯಾಮ್‌ನಲ್ಲಿದೆ.

ಇಷ್ಟೆಲ್ಲ ಕೃತಿಗಳ ಹಿಂದೆ ಒಬ್ಬರು ಅಲುಗಾಡದೆ ಕೂತ ಕೆಲಸವಿದೆ. ಅದನ್ನು ಕೆಲಸವೆಂದು ನಮ್ಮವರು ಲೆಕ್ಕಕ್ಕೆ ಹಿಡಿಯುವುದಿಲ್ಲ. 20 ನಿಮಿಷ ಕೂತು 5 ನಿಮಿಷ ಬಿಡುವು ಎಂಬುದು ಕಲಾಶಾಲೆಗಳಲ್ಲಿ ನಡೆದುಬಂದ ಕ್ರಮ. ಸುಮಾರು ಹತ್ತು ನಿಮಿಷಕ್ಕೇ ಗದ್ದ ತಿಳಿಯದಂತೆ ಇಳಿಯುತ್ತದೆ, ಹೆಗಲು ಕುಸಿಯುತ್ತದೆ. ಬರೆಯುವವರು ಮೊದಲು ಹಾಕಿದ ಗೆರೆಗೂ ಈಗಿನ ಗೆರೆಗೂ ತಾಳೆಯಾಗದೆ ‘ಸರಿ ಕೂತ್ಕೊಳ್ಳಿ’ ಎಂದು ಗದರುತ್ತಾರೆ. ತಪ್ಪು ಕೂತವರದಲ್ಲ. ಕುರ್ಚಿಯ ಕಾಲಿಗೂ ಪಾದಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಎದುರಿನ ಗೋಡೆಯಲ್ಲಿ ಕಣ್ಣಿಗೆ ಒಂದು ಗುರಿ ಕೊಟ್ಟು, ಗದ್ದದ ಮಟ್ಟವನ್ನು ಹಿಂದಿನ ಕಿಟಕಿಯ ಯಾವುದಾದರೂ ಅಡ್ಡಪಟ್ಟಿಗೆ ತಾಳೆ ನೋಡಿಟ್ಟುಕೊಂಡರೆ ಬಿಡುವಿನ ನಂತರ ಅದೇ ಭಂಗಿ ಸಿಗುತ್ತದೆ. ನಮ್ಮ ಕಡೆ ಮಧ್ಯಾಹ್ನ ಮೂರರ ಮೇಲೆ ಪಡುವಣ ಬೆಳಕು ಓಡುತ್ತದೆ, ಮುಖದ ನೆರಳು ನೋಡನೋಡುತ್ತ ಬದಲಾಗುತ್ತದೆ. ಬಡಗಣ ಕಿಟಕಿಯೇ ವಾಸಿ. ಫ್ಯಾನು ಪಕ್ಕದಿಂದ ಬೇಡ, ಕೂದಲು ನಿಲ್ಲುವುದಿಲ್ಲ.

ಯಕ್ಷಗಾನದ ಬಣ್ಣದ ವೇಷವನ್ನು (ರಾಕ್ಷಸ ಪಾತ್ರವನ್ನು) ಎದುರು ಕೂರಿಸಿ ಬರೆಯುವ ಶಿಬಿರಗಳಂತೂ ನಮ್ಮಲ್ಲಿ ಸಾಕಷ್ಟಿವೆ. ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣದ ಉಬ್ಬು ಚಿತ್ತಾರವಾದ ಚುಟ್ಟಿ ಇಡಲು ಕಲಾವಿದರಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಹ್ಯಾಲೋಜನ್ ದೀಪ ಹತ್ತಿರವಿಟ್ಟರೆ ಬೆವರಿಗೆ ಚುಟ್ಟಿ ಬಿರುಕು ಬಿಟ್ಟು ಉದುರುತ್ತದೆ. ಮುಖ ಮೊದಲು ಬರೆದು ಮುಗಿಸಿ, ಕಿರೀಟ ಇಳಿಸಿಟ್ಟು, ಅದನ್ನು ಸ್ಟೂಲಿನ ಮೇಲಿಟ್ಟು ಆಮೇಲೆ ಬರೆಯಬಹುದು. ಅಷ್ಟು ಭಾರ ಹೊರಿಸಿ ಗಂಟೆಗಟ್ಟಲೆ ಕೂರಿಸುವುದು ನಿರ್ದಯ, ಚಿತ್ರಕ್ಕೂ ಲಾಭವಿಲ್ಲ. ಪ್ರದರ್ಶನದ ದಿನ ಚಿತ್ರದ ಕೆಳಗಿನ ಚೀಟಿ ನೋಡಿದರೆ ‘ಬಣ್ಣದ ವೇಷ, ಅಕ್ರಿಲಿಕ್’ ಎಂದಷ್ಟೇ. ಆ ವೇಷದೊಳಗೆ ಕೂತವರು ಯಾರು? ಮಲ್ಪೆ ಬಂದರಿನಲ್ಲಿ ಬರೆದದ್ದಕ್ಕೆ ‘ಮೀನು ಮಾರುವ ಹೆಂಗಸು’. ಆಕೆಗೆ ಹೆಸರಿಲ್ಲವೇ? ಸಿಲ್ವೆಟ್ ಹೆಸರು ಪಿಕಾಸೊ ಚಿತ್ರಗಳ ಮೇಲೆ ಇದ್ದದ್ದರಿಂದಲೇ ಆ ಹುಡುಗಿ ಮುಂದೇನಾದಳು ಎಂದು ಹುಡುಕಲು ಜಗತ್ತಿಗೆ ಸಾಧ್ಯವಾಯಿತು. 2014ರಲ್ಲಿ ಜರ್ಮನಿಯ ಬ್ರೆಮೆನ್ ಕಲಾಸಂಗ್ರಹಾಲಯ ಅದೇ ವಿಷಯದ ಮೇಲೆ ದೊಡ್ಡ ಪ್ರದರ್ಶನ ಮಾಡಿತು.

ಲಿಡಿಯಾ ಕಾರ್ಬೆಟ್ ಅವರ ಚಿತ್ರಗಳ ಬಗ್ಗೆ ಎರಡು ಮಾತು. ಹೆಚ್ಚಿನವು ಜಲವರ್ಣ, ಜೊತೆಗೆ ತೈಲವರ್ಣ ಮತ್ತು ಸೆರಾಮಿಕ್. ಹೆಂಗಸರ ಮುಖ, ಹೂವು, ಹೂಜಿ. ಒಂದರ ಗೆರೆ ಇನ್ನೊಂದರ ಮೈಮೇಲೆ ಹಾದುಹೋಗುತ್ತದೆ, ಕೆಳಗಿನ ಬಣ್ಣ ಮೇಲಿನದರಲ್ಲಿ ಇಣುಕುತ್ತದೆ. ಪಿಕಾಸೊನ ನೆರಳು ಇಲ್ಲವೇ ಎಂದರೆ ಇದೆ, ಗೆರೆಯಲ್ಲಿ. ಆದರೆ ಲಿಡಿಯಾ ಅವರ ಗೆರೆ ಮುಖವನ್ನು ಒಡೆಯುವುದಿಲ್ಲ. ಆ ಮೃದುತನವೇ ದೌರ್ಬಲ್ಯ ಎನ್ನುವವರಿದ್ದಾರೆ, ನಮಗೆ ಹಾಗನ್ನಿಸುವುದಿಲ್ಲ.

ಪಾರದರ್ಶಕ ಪದರಗಳ ಈ ರೀತಿಯನ್ನು ಇಲ್ಲಿ ಕಲಿಯಹೊರಟವರಿಗೆ ಮೊದಲ ಶತ್ರು ನಮ್ಮ ತೇವ. ಜಲವರ್ಣದ ಕಾಗದಕ್ಕೆ ಅಂಟಿನ ಲೇಪ ಇರುತ್ತದೆ. ಮಳೆಗಾಲವಿಡೀ ಬಿಚ್ಚಿಟ್ಟ ಕಾಗದಕ್ಕೆ ಬೂಸ್ಟು ಹಿಡಿದು ಆ ಲೇಪ ಹಾಳಾದರೆ ಬಣ್ಣ ಮೇಲೆ ನಿಲ್ಲದೆ ಒತ್ತುಕಾಗದದ ಮೇಲೆ ಬಿದ್ದಂತೆ ಚುಕ್ಕೆಚುಕ್ಕೆಯಾಗಿ ಇಂಗುತ್ತದೆ. ಬರೆಯುವ ಮೊದಲು ಮೂಲೆಯಲ್ಲಿ ಬರೀ ನೀರಿನ ಒಂದು ಪಟ್ಟಿ ಎಳೆದು ನೋಡಿ: ಹೊಳೆಯುತ್ತ ನಿಂತರೆ ಕಾಗದ ಸರಿಯಿದೆ, ತಕ್ಷಣ ಕಪ್ಪಾಗಿ ಇಳಿದರೆ ಅದನ್ನು ಪೆನ್ಸಿಲಿಗೆ ಇಟ್ಟುಕೊಳ್ಳಿ. ಗೆರೆಯನ್ನು ಮೊದಲೇ ಹಾಕುವುದಾದರೆ ನೀರಿಗೆ ಕರಗದ ಇಂಕೇ ಬೇಕು, ಸಾದಾ ಫೌಂಟನ್ ಪೆನ್ನಿನ ಇಂಕು ಬಣ್ಣವನ್ನೆಲ್ಲ ಕೊಳೆ ಮಾಡುತ್ತದೆ. ಮೊದಲ ಪದರ ಪೂರ್ತಿ ಒಣಗದೆ ಎರಡನೆಯದನ್ನು ಹಾಕಿದರೆ ನೀರು ಹಿಂದಕ್ಕೆ ನುಗ್ಗಿ ಹೂಕೋಸಿನಂಥ ಅಂಚು ಕಟ್ಟುತ್ತದೆ. ಒಣಗಿದೆಯೇ ಎಂದು ನೋಡಲು ಕೈಯ ಹಿಂಬದಿಯನ್ನು ತಾಗಿಸಿ. ತಣ್ಣಗಿದ್ದರೆ ಇನ್ನೂ ತೇವವಿದೆ. ಜುಲೈಯಲ್ಲಿ ಹೇರ್ ಡ್ರೈಯರ್ ಇಲ್ಲದೆ ಆಗದು. ಅದನ್ನೂ ಒಂದಡಿ ದೂರದಿಂದ ಹಿಡಿಯಿರಿ, ಹತ್ತಿರ ತಂದರೆ ಗಾಳಿಯೇ ಬಣ್ಣವನ್ನು ತಳ್ಳುತ್ತದೆ. ಎರಡು ಪದರ ಚೆಂದ. ಮೂರನೆಯದಕ್ಕೆ ಸಾಮಾನ್ಯವಾಗಿ ಕೆಸರು.

ಇನ್ನು ನಮ್ಮ ಬೇಡಿಕೆ. ಮಂಗಳೂರು, ಉಡುಪಿ, ಮಣಿಪಾಲಗಳಲ್ಲಿ ಪ್ರದರ್ಶನ ಏರ್ಪಡಿಸುವವರು ಚಿತ್ರದ ಕೆಳಗಿನ ಚೀಟಿಯಲ್ಲಿ ಕಲಾವಿದರ ಹೆಸರು, ವರ್ಷ, ಮಾಧ್ಯಮ, ಅಳತೆಯ ಜೊತೆಗೆ ‘ಎದುರು ಕೂತವರು’ ಎಂದು ಇನ್ನೊಂದು ಸಾಲು ಸೇರಿಸಲಿ. ಅವರು ಬೇಡವೆಂದರೆ ಬಿಡಿ, ಆದರೆ ಕೇಳದೆ ಬಿಡಬೇಡಿ. ಕೂತದ್ದಕ್ಕೆ ಎಷ್ಟು ಕೊಡುತ್ತೇವೆಂದು ಕೂರುವ ಮೊದಲೇ ಹೇಳಬೇಕು; ಟೀ-ತಿಂಡಿ ಸಂಭಾವನೆಯಲ್ಲ. 18 ದಾಟದವರಾದರೆ ಹೆತ್ತವರ ಲಿಖಿತ ಒಪ್ಪಿಗೆ ಬೇಕು, ಮನೆಯ ಹಿರಿಯರೊಬ್ಬರು ಅದೇ ಕೋಣೆಯಲ್ಲಿ ಇರಬೇಕು, ಚಿತ್ರ ಮಾರಾಟಕ್ಕೆ ಹೋಗುತ್ತದೆಯೇ ಎಂಬುದೂ ಆ ಕಾಗದದಲ್ಲೇ ಇರಬೇಕು. ಈ ಕಾಗದದ ಮಾತು ಎತ್ತಿದರೆ ‘ನಮ್ಮೂರಿನಲ್ಲಿ ಅದೆಲ್ಲ ಯಾಕೆ’ ಎನ್ನುವವರೇ ಹೆಚ್ಚು. ಚಿತ್ರ ನಾಳೆ ಕ್ಯಾಲೆಂಡರಿಗೋ ಜಾಹೀರಾತು ಫಲಕಕ್ಕೋ ಹೋದಾಗ ಜಗಳ ಶುರುವಾಗುವುದು ನಮ್ಮೂರಿನಲ್ಲೇ.

ತಮ್ಮ ಪತ್ರಿಕೆಯೂ ಮುಂದಿನ ಪುರವಣಿಯಲ್ಲಿ ಲಿಡಿಯಾ ಕಾರ್ಬೆಟ್ ಅವರದೇ ಒಂದು ಜಲವರ್ಣವನ್ನು ಅನುಮತಿ ಪಡೆದು, ಅವರ ಹೆಸರನ್ನು ಮೊದಲು ಹಾಕಿ ಅಚ್ಚು ಮಾಡಬೇಕೆಂದು ಕೋರುತ್ತೇವೆ. ಪಿಕಾಸೊ ಹೆಸರು ಎರಡನೇ ಸಾಲಿನಲ್ಲಿ ಬಂದರೆ ಸಾಕು.

ಇತಿ,
ಕೆಲವು ಚಿತ್ರಕಲಾ ಶಿಕ್ಷಕರು
ಉಡುಪಿ