ಬಾನ್ಯಾ ಲೂಕಾ ಕಡೆಗೆ ಎಳೆದ ಕೆಂಪು ಗೆರೆ

ಚಿ. ಪುಟ್ಟನಿಗೆ ಹಾಸನದಿಂದ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿನೋವು ಮಳೆ ಹಿಡಿದಾಗ ಮಾತ್ರ ಜಾಸ್ತಿ. ಈಗ ಮಳೆ ಹಿಡಿದಿದೆ. ನೀನು ಕಳಿಸಿದ ನಕ್ಷೆ ಮೊನ್ನೆ ಕೈಸೇರಿತು. ಊಟದ ಮೇಜಿನ ಮೇಲೆ ಹರಡಿಕೊಂಡು ಎರಡು ರಾತ್ರಿ ನೋಡಿದೆ. ಯುಗೊಸ್ಲಾವಿಯ ಒಡೆದ ಮೇಲಿನ ಬೋಸ್ನಿಯಾ ಯುದ್ಧದಲ್ಲಿ, 1995ರ ಸೆಪ್ಟೆಂಬರಿನಲ್ಲಿ ಕ್ರೊಯೇಷಿಯಾದ ಸೇನೆ ಮತ್ತು ಬೋಸ್ನಿಯಾ ಸರ್ಕಾರದ ಸೇನೆ ನಿಲ್ಲದೆ ನುಗ್ಗಿದ್ದರೆ ಬೋಸ್ನಿಯಾದ ಸರ್ಬರ ಕೈಯಲ್ಲಿದ್ದ ದೊಡ್ಡ ಊರು ಬಾನ್ಯಾ ಲೂಕಾ ಬೀಳುತ್ತಿತ್ತು, ಅಲ್ಲಿನ ಸರ್ಬರ ಗಣರಾಜ್ಯ ಉಳಿಯುತ್ತಿರಲಿಲ್ಲ, ಅಮೆರಿಕದ ಡೇಟನ್‌ನಲ್ಲಿ ಶಾಂತಿ ಒಪ್ಪಂದ ಮಾಡಿ ಕ್ರೊಯೇಟರು, ಬೋಸ್ನಿಯಾಕ್ ಮುಸ್ಲಿಮರಿಗೆ ನೂರರಲ್ಲಿ 51, ಸರ್ಬರಿಗೆ 49 ಅಂತ ದೇಶ ಹಂಚುವ ಪ್ರಮೇಯವೇ ಬರುತ್ತಿರಲಿಲ್ಲ ಎಂದು ಬರೆದಿದ್ದೀಯ. ಕೊನೆಗೆ ‘ಹೇಗಿದೆ ದೊಡ್ಡಪ್ಪ?’ ಅಂತ ಬೇರೆ ಕೇಳಿದ್ದೀಯ. ಕೇಳಿದ ಮೇಲೆ ಹೇಳದೆ ಬಿಡುವವನಲ್ಲ ನಾನು.

ಸೈನ್ಯದಲ್ಲಿ 22 ವರ್ಷ ನಾನು ಮಾಡಿದ್ದು ಲಾರಿ ಓಡಿಸುವ, ಆಮೇಲೆ ಓಡಿಸುವವರನ್ನು ಬೈಯುವ ಕೆಲಸ. ಬನಿಹಾಲ್ ಹತ್ತಿರ ಗುಡ್ಡ ಜರಿದು ಇಡೀ ಕಾನ್ವಾಯ್ ಮೂರು ದಿನ ಕೂತಲ್ಲೇ ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಾಗಾಗಿ ನಕ್ಷೆಯಲ್ಲಿ ಬಾಣ ಕಂಡರೆ ನನ್ನ ಕಣ್ಣು ಅದರ ಮೊನೆಗಿಂತ ಮೊದಲು ಬುಡಕ್ಕೆ ಹೋಗುತ್ತದೆ. ನಿನ್ನ ಕೆಂಪು ಬಾಣ ಊನಾ ನದಿಯನ್ನು ಗೆರೆ ದಾಟಿದಷ್ಟೇ ಸುಲಭವಾಗಿ ದಾಟಿಬಿಟ್ಟಿದೆ. ಅದೇ ಸೆಪ್ಟೆಂಬರಿನಲ್ಲಿ ಕ್ರೊಯೇಷಿಯಾದವರು ಆ ನದಿ ದಾಟಲು ಹೋಗಿ, ಹುಡುಗರನ್ನು ಕಳೆದುಕೊಂಡು, ಎರಡೇ ದಿನದಲ್ಲಿ ವಾಪಸಾದರು. ಕ್ಲ್ಯೂಚ್ ಕಡೆ ಸರ್ಬರು ತಿರುಗಿಬಿದ್ದಿದ್ದರು. ಆದರೂ ಊರು ಬೀಳುತ್ತಲೇ ಇರಲಿಲ್ಲ ಅಂತ ನಾನು ವಾದಿಸುವುದಿಲ್ಲ. ಬೀಳಬಹುದಿತ್ತು. ದಕ್ಷಿಣದಿಂದ ಮರ್ಕೊನಿಚ್ ಗ್ರಾಡ್‌ವರೆಗೂ ಬಂದಿದ್ದರಲ್ಲ.

ಬಿದ್ದಿದ್ದರೆ ಮುಂದೆ? ಆಗಸ್ಟ್ ಮೊದಲ ವಾರದಲ್ಲಿ ಕ್ರೊಯೇಷಿಯಾ ತನ್ನ ನೆಲದಲ್ಲಿದ್ದ ಬಂಡುಕೋರ ಸರ್ಬರ ರಾಜಧಾನಿ ಕ್ನಿನ್ ಹಿಡಿದಾಗ ಅಲ್ಲಿನ ಸರ್ಬರು ಒಂದೂವರೆಯಿಂದ ಎರಡು ಲಕ್ಷ ಜನ ಊರು ಬಿಟ್ಟರು. ಟ್ರ್ಯಾಕ್ಟರು, ಹಿಂದೆ ಟ್ರೇಲರು, ಅದರಲ್ಲಿ ಹಾಸಿಗೆ, ಅಜ್ಜಿ, ಮಕ್ಕಳು. ಆ ಸಾಲು ಹೋಗಿದ್ದು ಬಾನ್ಯಾ ಲೂಕಾ ದಾರಿಯಲ್ಲೇ. ಅವರ ಸಿಟ್ಟು ತಿರುಗಿದ್ದು ಯಾರ ಮೇಲೆ? ಅಲ್ಲಿ ಅಳಿದುಳಿದಿದ್ದ ಕ್ರೊಯೇಟರ, ಬೋಸ್ನಿಯಾಕ್ ಮುಸ್ಲಿಮರ ಮೇಲೆ. ಅವರನ್ನು ಮನೆಯಿಂದ ಎಳೆದು ಸಾವಾ ನದಿಯಾಚೆ ಅಟ್ಟಿದರು. ಆ ಊರಿನ ಫೆರ್ಹಾದಿಯಾ ಮಸೀದಿಯನ್ನಂತೂ 1993ರ ಮೇ ತಿಂಗಳಲ್ಲೇ ಉಡಾಯಿಸಿ ಆಗಿತ್ತು. ಈಗ ನಿನ್ನ ಬಾಣ ಬಂದು ಆ ಟ್ರ್ಯಾಕ್ಟರುಗಳನ್ನೂ ಊರಿನವರನ್ನೂ ಸೇರಿಸಿ ಪೂರ್ವಕ್ಕೆ ತಳ್ಳುತ್ತದೆ. ಸರ್ಬರ ಕೈಯಲ್ಲಿದ್ದ ಪಶ್ಚಿಮ ಭಾಗದಿಂದ ಪೂರ್ವ ಭಾಗಕ್ಕೆ ಹೋಗುವ ದಾರಿ ಒಂದೇ. ಬರ್ಚ್ಕೊ ಹತ್ತಿರ ಅದು ಕೆಲವೇ ಕಿಲೋಮೀಟರ್ ಅಗಲ.

ಆ ಓಣಿಯ ಕಥೆ ನಿನಗೆ ಗೊತ್ತಿರಲಿ. 1992ರ ಮೇ ತಿಂಗಳಲ್ಲಿ ಅದು ಮುಚ್ಚಿಹೋದಾಗ ಬಾನ್ಯಾ ಲೂಕಾದ ಆಸ್ಪತ್ರೆಗೆ ಆಮ್ಲಜನಕದ ಸಿಲಿಂಡರ್ ಬರಲಿಲ್ಲ. 12 ನವಜಾತ ಶಿಶುಗಳು ಸತ್ತವು. ಜೂನಿನಲ್ಲಿ ಸರ್ಬ್ ಸೇನೆ ಹೊಡೆದಾಡಿ ದಾರಿ ತೆರೆಯಿತು. ಆ ದಾರಿಯ ಅಕ್ಕಪಕ್ಕದ ಕ್ರೊಯೇಟ್, ಬೋಸ್ನಿಯಾಕ್ ಹಳ್ಳಿಗಳು ಖಾಲಿಯಾದವು. ಎರಡನ್ನೂ ಒಟ್ಟಿಗೆ ಬರೆದುಕೋ. ಒಂದನ್ನು ಮಾತ್ರ ಬರೆಯುವವರು ಆ ದೇಶದಲ್ಲಿ ಬೇಕಾದಷ್ಟಿದ್ದಾರೆ.

ಅಮೆರಿಕದ ಸಂಧಾನಕಾರ ಹೋಲ್‌ಬ್ರೂಕ್ ಕ್ರೊಯೇಷಿಯಾದ ಅಧ್ಯಕ್ಷ ತುಜ್ಮನ್‌ಗೆ ‘ಬೇರೆ ಊರು ಹಿಡಿಯುವುದಾದರೆ ಬೇಗ ಹಿಡಿಯಿರಿ, ಬಾನ್ಯಾ ಲೂಕಾ ಮಾತ್ರ ಬೇಡ’ ಎಂಬರ್ಥದ ಮಾತು ಹೇಳಿದ್ದಕ್ಕೆ ಈ ಜನದ ಪ್ರವಾಹದ ಹೆದರಿಕೆಯೂ ಒಂದು ಕಾರಣ. ನೀನು ಅದನ್ನು ಒಂದೇ ಸಾಲಿನಲ್ಲಿ ‘ಅಮೆರಿಕದ ಪುಕ್ಕಲುತನ’ ಅಂತ ತಳ್ಳಿಹಾಕಿದ್ದೀಯ. ತಪ್ಪು ನಿರ್ಧಾರ ಅನ್ನು, ವಾದ ಮಾಡೋಣ. ಪುಕ್ಕಲುತನ ಅನ್ನಬೇಡ.

ಎರಡನೇ ಪುಟ ಓದಿ ನಗು ಬಂತು. ‘ನಮ್ಮ ಐದನೇ ಕೋರ್’ ಅಂತ ಬರೆದಿದ್ದೀಯ. ಬಿಹಾಚ್‌ನ ಬೋಸ್ನಿಯಾ ಸರ್ಕಾರದ ಪಡೆ ನಮ್ಮದಾಗಿದ್ದು ಯಾವಾಗಲೋ? ಆ ಬಿಹಾಚ್ ಮೂಲೆಯಲ್ಲೇ ಫಿಕ್ರೆತ್ ಅಬ್ದಿಚ್ ಎಂಬ ಮುಸ್ಲಿಂ ಮುಖಂಡ ಸರ್ಬರ ಜತೆ ಸೇರಿ ಅದೇ ಐದನೇ ಕೋರ್ ಮೇಲೆ ಯುದ್ಧ ಮಾಡಿದ. 1993ರಲ್ಲಿ ಮೊಸ್ತಾರ್‌ನ ಹಳೇ ಸೇತುವೆಯನ್ನು ಕೆಡವಿದ್ದು ಕ್ರೊಯೇಟರ ಫಿರಂಗಿ. ನೀನು ಅವರನ್ನು ಬೋಸ್ನಿಯಾಕರ ಗೆಳೆಯರು ಅಂತ ಒಂದೇ ಬಣ್ಣದಲ್ಲಿ ತೀಡಿದ್ದೀಯ. ಆ ಯುದ್ಧದಲ್ಲಿ ಕನಿಷ್ಠ ವರ್ಷಕ್ಕೊಂದು ಬಣ್ಣದ ಪೆನ್ಸಿಲ್ ಬದಲಿಸಬೇಕು ಮಗಾ.

ನಿನ್ನ ಇನ್ನೊಂದು ‘ಹಾಗಾಗಿದ್ದರೆ’ ನನಗೆ ಹೆಚ್ಚು ಹಿಡಿಸಿತು. ವಿಶ್ವಸಂಸ್ಥೆ 1991ರ ಸೆಪ್ಟೆಂಬರಿನಲ್ಲಿ ಇಡೀ ಯುಗೊಸ್ಲಾವಿಯಕ್ಕೆ ಹಾಕಿದ ಶಸ್ತ್ರ ನಿರ್ಬಂಧವನ್ನು 1993ರಲ್ಲೇ ತೆಗೆದಿದ್ದರೆ ಅನ್ನುವುದು. ನಿರ್ಬಂಧ ಹೆಸರಿಗೆ ಎಲ್ಲರ ಮೇಲೆ. ಆದರೆ ಹಳೇ ಸೇನೆಯ ಫಿರಂಗಿ, ಟ್ಯಾಂಕುಗಳಲ್ಲಿ ಹೆಚ್ಚಿನವು ಸರ್ಬರ ಕೈಯಲ್ಲೇ ಇದ್ದವು. ಬರಿಗೈಯಲ್ಲಿ ನಿಂತಿದ್ದು ಬೋಸ್ನಿಯಾದ ರಾಜಧಾನಿ ಸರಾಯೆವೊ. ಅನ್ಯಾಯವೇ. ಆದರೆ ಲಾರಿಯವನ ಹಾಗೆ ಕೇಳು: 1993ರಲ್ಲಿ ಬಂದೂಕು ಯಾವ ರಸ್ತೆಯಲ್ಲಿ ಬರುತ್ತದೆ? ಸಮುದ್ರದ ಬಂದರುಗಳು ಕ್ರೊಯೇಷಿಯಾದವು. ಅಲ್ಲಿಂದ ಒಳನಾಡಿಗೆ ಬರುವ ರಸ್ತೆಯಲ್ಲಿ ಬೋಸ್ನಿಯಾದ ಕ್ರೊಯೇಟರು ಕೂತಿದ್ದರು, ಆ ವರ್ಷವೆಲ್ಲ ಬೋಸ್ನಿಯಾಕರ ಜತೆಗೇ ಕಾದಾಡುತ್ತ. 1994ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನಲ್ಲಿ ರಾಜಿಯಾದ ಮೇಲಷ್ಟೇ ರಸ್ತೆ ತೆರೆಯಿತು. ನಿರ್ಬಂಧ ಹಾಗೇ ಇದ್ದರೂ ಇರಾನಿನ ಸರಕು ಆಗ ಅದೇ ದಾರಿಯಲ್ಲಿ ಬಂತು. ಅಂದರೆ ವಿಶ್ವಸಂಸ್ಥೆಯ ಠರಾವಿಗಿಂತ ಆ ರಾಜಿಯನ್ನು ಒಂದು ವರ್ಷ ಹಿಂದೆ ಸರಿಸಿ ನೋಡು, ಆಗ ನಿನ್ನ ನಕ್ಷೆ ನಿಜಕ್ಕೂ ಬದಲಾಗುತ್ತದೆ.

ಸರ್ಬರ ಮುತ್ತಿಗೆಯಲ್ಲಿದ್ದ ಸರಾಯೆವೊ ಉಸಿರಾಡಿದ್ದೂ ಇಂಥದ್ದೇ ಒಂದು ದಾರಿಯಿಂದ. 1993ರಲ್ಲಿ ವಿಮಾನ ನಿಲ್ದಾಣದ ಅಡಿಯಲ್ಲಿ ತೋಡಿದ ಸುರಂಗ, ಉದ್ದ ಸುಮಾರು 800 ಮೀಟರ್, ಅಗಲ ಒಂದು ಮೀಟರ್ ಇದ್ದರೆ ಹೆಚ್ಚು. ಬಗ್ಗಿಕೊಂಡೇ ನಡೆಯಬೇಕು, ಕಾಲಡಿ ನೀರು. ಆಹಾರ, ಮದ್ದುಗುಂಡು, ಗಾಯಾಳು ಎಲ್ಲ ಅದರಲ್ಲೇ. ಅಷ್ಟು ದೊಡ್ಡ ನಕ್ಷೆಯಲ್ಲಿ ನೀನು ಅದನ್ನು ಗುರುತೇ ಮಾಡಿಲ್ಲ.

ಒಂದು ಮಾತು ಕೇಳು. ‘ಹಾಗಾಗಿದ್ದರೆ’ ಅಂತ ಬರೆಯುವ ಮುಂಚೆ, ಅದು ಆ ದಿನ ಯಾರದಾದರೂ ಮೇಜಿನ ಮೇಲೆ ಇತ್ತೇ ಅಂತ ನೋಡು. ಇತ್ತು ಅಂದರೆ ಬಿಡಬೇಡ. 1993ರಲ್ಲಿ ವಿಶ್ವಸಂಸ್ಥೆಯವರು ಸ್ರೆಬ್ರೆನಿತ್ಸಾ ಮುಂತಾದ ಊರುಗಳನ್ನು ‘ಸುರಕ್ಷಿತ ಪ್ರದೇಶ’ ಅಂತ ಘೋಷಿಸಿದರಲ್ಲ, ಅವನ್ನು ನಿಜವಾಗಿ ಕಾಯಲು ಹೆಚ್ಚುವರಿ 34,000 ಸೈನಿಕರು ಬೇಕು ಎಂಬ ಲೆಕ್ಕ ಭದ್ರತಾ ಮಂಡಳಿಯ ಮುಂದೆ ಬಂದಿತ್ತು. ಒಪ್ಪಿದ್ದು 7,600ಕ್ಕೆ. ಎರಡು ವರ್ಷದ ಮೇಲೆ, 1995ರ ಜುಲೈ 11ರಂದು ಬೋಸ್ನಿಯಾ ಸರ್ಬರ ಸೇನಾಪತಿ ಮ್ಲಾದಿಚ್‌ನ ಪಡೆ ಊರೊಳಗೆ ಬಂದಾಗ ಅಲ್ಲಿದ್ದ ವಿಶ್ವಸಂಸ್ಥೆ ಶಾಂತಿಪಡೆಯ ಡಚ್ ಸೈನಿಕರು 400ರ ಆಸುಪಾಸು, ಹಗುರ ಆಯುಧದವರು. ಆ ಸರ್ಬ್ ಪಡೆಯವರು 8,000ಕ್ಕೂ ಹೆಚ್ಚು ಬೋಸ್ನಿಯಾಕ್ ಗಂಡಸರನ್ನು, ಹುಡುಗರನ್ನು ಕೊಂದರು. ಈ ಲೆಕ್ಕದ ಮೇಲೆ ಬರೆಯೋ. 34,000 ಜನ ಬಂದಿದ್ದರೆ ಯಾರು ಕಳಿಸುತ್ತಿದ್ದರು, ಯಾವ ರಸ್ತೆಯಲ್ಲಿ ಸಾಗಿಸುತ್ತಿದ್ದರು, ಗುಂಡು ಹಾರಿಸಲು ಯಾರ ಅಪ್ಪಣೆ? ಅಂದಹಾಗೆ ಆ ಶಾಂತಿಪಡೆಯ ಮೊದಲ ಮುಖ್ಯಸ್ಥರು ನಮ್ಮ ಸೈನ್ಯದ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್, 1992ರ ಮಾರ್ಚ್‌ನಿಂದ ಒಂದು ವರ್ಷ. ಆ ದಿನಗಳಲ್ಲಿ ನಮ್ಮ ಮೆಸ್ಸಿನಲ್ಲಿ ಪೇಪರ್ ಬಂದರೆ ಆ ಸುದ್ದಿಗೇ ಕಿತ್ತಾಟ.

ನಕ್ಷೆ ವಾಪಸ್ ಕಳಿಸುತ್ತಿದ್ದೇನೆ. ನಿನ್ನ ಕೆಂಪು ಗೆರೆ ಅಳಿಸಿಲ್ಲ. ಅದರ ಪಕ್ಕ ಪೆನ್ಸಿಲಿನಲ್ಲಿ ಬರ್ಚ್ಕೊದ ಓಣಿ ಎಳೆದಿದ್ದೇನೆ, ಸುರಂಗಕ್ಕೆ ಒಂದು ಚುಕ್ಕೆ ಇಟ್ಟಿದ್ದೇನೆ. ಟ್ರ್ಯಾಕ್ಟರುಗಳಿಗೆ ಯಾವ ಗುರುತು ಹಾಕುವುದೋ ತಿಳಿಯಲಿಲ್ಲ, ಅದನ್ನು ನೀನೇ ಯೋಚಿಸು. ದೀಪಾವಳಿಗೆ ಬರುವಾಗ ತಂದರೆ ಮತ್ತೆ ಹರಡಿಕೊಂಡು ಕೂರೋಣ. ದೊಡ್ಡಮ್ಮ ಮೇಜು ಖಾಲಿ ಮಾಡಿ ಅಂತ ಕೂಗುತ್ತಿದ್ದಾಳೆ.

ಇಂತಿ,
ನಿನ್ನ ದೊಡ್ಡಪ್ಪ