ನಾಲ್ಕು ಮಾರ್ಕ್ಸಿನ ಮಾತು

ಚಿರಂಜೀವಿ ಮಗನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ಸೇನೆಯಿಂದ ನಿವೃತ್ತನಾಗಿ, ಮಾಜಿ ಸೈನಿಕರ ಮೀಸಲಿನಲ್ಲಿ ಈ ಕಚೇರಿ ಕೆಲಸಕ್ಕೆ ಸೇರಿದ ಮೇಲೆ ನೀನು ಬರೆದ ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದು ಹೊಡೆದುಹಾಕಿದ್ದೆಯಲ್ಲ, ಅದು ಓದುವ ಹಾಗೇ ಇತ್ತು. 'ದೊಡ್ಡಮ್ಮ, ನಾನು ಇನ್ನೊಬ್ಬರ ಕೆಲಸ ಕಿತ್ತುಕೊಂಡೆನಾ?' ಎರಡು ರಾತ್ರಿಯಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಪಕ್ಕದ ಟೇಬಲ್ಲಿನ ಹೊರಗುತ್ತಿಗೆ ಹುಡುಗನೂ ಅದೇ ಪರೀಕ್ಷೆ ಬರೆದಿದ್ದನಂತೆ. 'ನಿಮಗಿಂತ ನಂಗೆ ನಾಲ್ಕು ಮಾರ್ಕ್ಸ್ ಜಾಸ್ತಿ ಬಂದಿತ್ತು ಸಾರ್' ಅಂದನಂತೆ. ಜಗಳಕ್ಕೆ ಬಂದಿದ್ದರೆ ನೀನೂ ನಾಲ್ಕು ಮಾತಾಡಿ ಮರೆತುಬಿಡುತ್ತಿದ್ದೆ. ಮೆತ್ತಗೆ ಹೇಳಿದ್ದಕ್ಕೇ ನಾಟಿದೆ, ಅಲ್ವಾ?

ಅವನ ಮಾತು ಸುಳ್ಳು ಅಂತ ನಾನು ಹೇಳಲಾರೆ. ಮಾರ್ಕ್ಸ್ ಜಾಸ್ತಿ ಬಂದೂ ಕೆಲಸ ಸಿಗದವನ ಹೊಟ್ಟೆ ಉರಿಯುತ್ತದೆ. ಆದರೆ ಅವನ ಕೆಲಸ ನೀನು ಕಿತ್ತುಕೊಂಡೆ ಅನ್ನೋದನ್ನು ನಾನು ಒಪ್ಪುವುದಿಲ್ಲ. ಸಮಾಧಾನಕ್ಕೆ ಹೇಳ್ತಿಲ್ಲ, ಕಂದ. ಸಿಬ್ಬಂದಿ ಶಾಖೆಯಲ್ಲಿ ಇಷ್ಟು ವರ್ಷ ಕೂತವಳು ನಾನು. ಮೀಸಲು ಹುದ್ದೆಗಳ ಲೆಕ್ಕ ನನ್ನ ಕೈಯಲ್ಲೇ ಆಗುತ್ತಿತ್ತು.

ಕೇಂದ್ರ ಸರ್ಕಾರದ ನಿಯಮ ಬಂದಿದ್ದು 1979ರಲ್ಲಿ. ಗುಮಾಸ್ತರಂಥ ಗ್ರೂಪ್ ಸಿ ಹುದ್ದೆಗಳ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ. 10, ಜವಾನರಂಥ ಆಗಿನ ಗ್ರೂಪ್ ಡಿ ಹುದ್ದೆಗಳಲ್ಲಿ ಶೇ. 20. ಅಂದರೆ ನೂರು ಗುಮಾಸ್ತರ ಹುದ್ದೆ ಕರೆದರೆ ಹತ್ತು ನಿಮಗೆ. ಅದೂ ಬೇರೆ ರಾಶಿಯಲ್ಲ. ಸಾಮಾನ್ಯ, ಹಿಂದುಳಿದ, ಪರಿಶಿಷ್ಟ ಅಂತ ಯಾವ ವರ್ಗದವನು ಬಂದನೋ ಆ ವರ್ಗದ ಹುದ್ದೆಯಲ್ಲೇ ಅವನನ್ನು ಎಣಿಸುತ್ತಾರೆ. ಆ ಹುಡುಗ ಅರ್ಜಿ ಹಾಕುವ ದಿನವೇ ಈ ಹತ್ತು ಪಕ್ಕಕ್ಕಿದ್ದವು. ನೀನು ಬರದಿದ್ದರೆ ಅದು ಅವನಿಗೇ ಬರುತ್ತಿತ್ತು ಅಂತ ಯಾರು ಹೇಳಿದರು?

ಅದನ್ನು ಯಾಕೆ ಪಕ್ಕಕ್ಕಿಟ್ಟರು ಅನ್ನೋದನ್ನೂ ಯೋಚಿಸು. ಸೇನೆಗೆ ಎಳೆಯ ಕಾಲುಗಳು ಬೇಕು. ಅದಕ್ಕೆ ಸಿಪಾಯಿಯನ್ನು ನಲವತ್ತರ ಆಸುಪಾಸಿಗೆ ಮನೆಗೆ ಕಳಿಸುತ್ತದೆ. ಮಕ್ಕಳು ಇನ್ನೂ ಸ್ಕೂಲಿನಲ್ಲಿರುತ್ತಾರೆ. ನಾನು 60ರ ತನಕ ಫ್ಯಾನಿನ ಕೆಳಗೆ ಕೂತು ಸಂಬಳ ತಗೊಂಡೆ. ನಿನ್ನ ದುಡಿಮೆಯನ್ನು ಅವರ ಅನುಕೂಲಕ್ಕೆ ಅರ್ಧದಲ್ಲಿ ನಿಲ್ಲಿಸಿದರು. ಉಳಿದ ಅರ್ಧಕ್ಕೆ ಒಂದು ಬಾಗಿಲು ತೆರೆದಿಟ್ಟಿದ್ದಾರೆ, ಅಷ್ಟೇ. ಪರೀಕ್ಷೆಯನ್ನೇನೂ ಮನ್ನಾ ಮಾಡಲಿಲ್ಲವಲ್ಲ.

ಈಗ ನಾನು ಯಾರಿಗೂ ಹೇಳದ ಒಂದು ಮಾತು. ಒಂದು ವರ್ಷ ನಮ್ಮ ಕಚೇರಿಯಲ್ಲಿ ಮಾಜಿ ಸೈನಿಕರ ಮೂರು ಹುದ್ದೆ ಖಾಲಿ ಇದ್ದವು. ಜನ ಸಿಗದಿದ್ದರೆ ಅವನ್ನು ಸುಮ್ನೆ ಬೇರೆಯವರಿಗೆ ಕೊಡುವ ಹಾಗಿಲ್ಲ. ಉದ್ಯೋಗ ವಿನಿಮಯ ಕೇಂದ್ರಕ್ಕೆ, ಮಾಜಿ ಸೈನಿಕರಿಗೆ ಕೆಲಸ ಹುಡುಕಿಕೊಡುವ ದೆಹಲಿಯ ಪುನರ್ವಸತಿ ಮಹಾನಿರ್ದೇಶನಾಲಯಕ್ಕೆ ಬರೆದು ಕೇಳಬೇಕು. ನಾವೂ ಬರೆದೆವು. ಉತ್ತರಕ್ಕೆ ಎಷ್ಟು ಕಾಯಬೇಕಿತ್ತೋ ಅಷ್ಟು ಕಾಯಲಿಲ್ಲ. ಮೇಲಿನವರಿಗೆ ಅವಸರವಿತ್ತು. 'ಸೂಕ್ತ ಅಭ್ಯರ್ಥಿಗಳು ಲಭ್ಯವಿಲ್ಲ' ಅಂತ ಟಿಪ್ಪಣಿ ಬರೆದವಳು ನಾನೇ. ಮೂರೂ ಬೇರೆಯವರಿಗೆ ಹೋದವು. ಆಗ ನಿನ್ನಂಥ ಮೂವರು ಎಲ್ಲೋ ಸೆಕ್ಯುರಿಟಿ ಕೆಲಸಕ್ಕೆ ನಿಂತಿರಬಹುದು, ಅವರ ಹುದ್ದೆಯಲ್ಲಿ ಕೂತವರಲ್ಲಿ ಯಾರಿಗೂ 'ನಾನು ಕಿತ್ತುಕೊಂಡೆನಾ' ಅಂತ ಅನ್ನಿಸಿರಲಿಕ್ಕಿಲ್ಲ. ನಿನಗೆ ಅನ್ನಿಸಿದೆಯಲ್ಲ, ಅದು ನನಗೆ ಸಂಕಟ.

ಇನ್ನೊಬ್ಬರು ನೆನಪಾಗುತ್ತಾರೆ. ಸೇನೆಯಲ್ಲಿ ನಾಯಕ್ ದರ್ಜೆಯಲ್ಲಿ ನಿವೃತ್ತರಾಗಿ ನಮ್ಮ ಶಾಖೆಗೆ ಬಂದಿದ್ದರು. ಟೈಪಿಂಗ್ ಎರಡೇ ಬೆರಳಲ್ಲಿ. ಹೊರಹೋಗುವ ಪತ್ರಗಳ ರವಾನೆ ವಹಿಯನ್ನು ಮಾತ್ರ ಸ್ಕೇಲ್ ಇಟ್ಟು ಗೆರೆ ಎಳೆದು ಬರೆಯುತ್ತಿದ್ದರು. ಒಂದು ನಂಬರೂ ತಪ್ಪುತ್ತಿರಲಿಲ್ಲ. ಸಾಹೇಬರು ಹಾದುಹೋದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು, ನಾವು ನಗುತ್ತಿದ್ದೆವು. ಒಂದು ದಿನ ಊಟದ ಹೊತ್ತಿಗೆ ನಾನು 'ಕೋಟಾದಲ್ಲಿ ಬಂದೋರಿಗೆ ಕಲಿಸೋದೇ ನಮ್ಮ ಕೆಲಸ ಆಯ್ತು' ಅಂದೆ. ಬಾಗಿಲಲ್ಲೇ ಇದ್ದರು. ಟಿಫನ್ ಡಬ್ಬಿಯನ್ನು ಬಟ್ಟೆಯಲ್ಲಿ ಮತ್ತೆ ಕಟ್ಟಿಕೊಂಡು ತಮ್ಮ ಟೇಬಲ್ಲಿಗೆ ಹೋಗಿ ಕೂತರು. ಮಾರನೇ ದಿನ ಎಂದಿನಂತೆ 'ನಮಸ್ಕಾರ ಮೇಡಂ' ಅಂದರು. ನಾನು ಕ್ಷಮೆ ಕೇಳಲಿಲ್ಲ. ಆಮೇಲೆ ಅವರೇ ವರ್ಗ ಕೇಳಿಕೊಂಡು ಹೋದರು.

ಅವರಿಗೆ ಮೂರು ತಿಂಗಳು ಕಚೇರಿ ಕೆಲಸ ಕಲಿಸಿದ್ದರೆ ನಮ್ಮೆಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದರು. ಈ ಮೀಸಲಿನಲ್ಲಿ ನನಗೆ ಕಾಣುವ ತಪ್ಪು ಇದೇ. ಕುರ್ಚಿ ಕೊಡುತ್ತಾರೆ, ಕೆಲಸ ಕಲಿಸುವುದಿಲ್ಲ. ಗಡಿಯಲ್ಲಿ ಹತ್ತು ಜನರನ್ನು ನಡೆಸಿದವನ ಕೈಗೆ ರವಾನೆ ವಹಿ ಕೊಟ್ಟು, ಅವನು ತಡವರಿಸಿದರೆ ಕೋಟಾದವನು ಅನ್ನುತ್ತಾರೆ. ನಾನೂ ಅಂದವಳೇ.

ನಿನಗೆ ಹೇಳಬೇಕಾದ ಒಂದೆರಡು ಸಣ್ಣ ವಿಷಯ ಇವೆ, ನಿನಗೆ ಗೊತ್ತೇ ಇರಬಹುದು. ಕೆಲಸಕ್ಕೆ ಸೇರುವ ಮೊದಲು ಬೇರೆ ಕಡೆಯೂ ಅರ್ಜಿ ಹಾಕಿದ್ದೆಯಲ್ಲ, ಅದರ ವಿವರ ತಾರೀಖಿನ ಸಮೇತ ಬರೆದುಕೊಟ್ಟಿದ್ದೀಯಾ? ಕೊಟ್ಟಿದ್ದರೆ ಆ ಅರ್ಜಿಗಳಿಗೆ ಮಾಜಿ ಸೈನಿಕನ ಮೀಸಲು ಸೌಲಭ್ಯ ಉಳಿಯುತ್ತದೆ, ಇಲ್ಲದಿದ್ದರೆ ಒಮ್ಮೆ ಸೇರಿದ ಮೇಲೆ ಹೋಯಿತು. ಆಮೇಲೆ ಸಂಬಳ ನಿಗದಿ. ನೀನು ಅಧಿಕಾರಿ ದರ್ಜೆಯವನಲ್ಲ, ಹಾಗಾಗಿ ನಿನ್ನ ಪಿಂಚಣಿಯನ್ನು ಸಂಬಳದಲ್ಲಿ ಮುರಿಯುವ ಹಾಗಿಲ್ಲ. ಯಾರಾದರೂ ಮುರಿದರೆ ಬಾಯಲ್ಲಿ ಕೇಳಬೇಡ, ಬರೆದು ಕೇಳು. ಟೈಪಿಂಗ್ ಬೆಳಿಗ್ಗೆ ಅರ್ಧ ಗಂಟೆ ಮಾಡು. ಈ ವಯಸ್ಸಿನಲ್ಲಿ ನಿನಗೆ ಇದನ್ನೆಲ್ಲ ಹೇಳುವುದು ಸರಿಯೋ ತಪ್ಪೋ, ಬೇಜಾರಾಗಬೇಡ.

ಮತ್ತೆ ಆ ಹುಡುಗನ ಹತ್ತಿರವೇ ಬರುತ್ತೇನೆ. ಅವನ ಎದುರು ತಲೆ ತಗ್ಗಿಸಬೇಡ, ಅವನನ್ನು ತಪ್ಪಿಸಿಕೊಂಡೂ ಓಡಾಡಬೇಡ. ನಿಮಗಾದರೆ ವಯಸ್ಸಿನಲ್ಲಿ ಸೇವೆಯ ವರ್ಷ ಕಳೆದು, ಮೇಲೆ ಮೂರು ವರ್ಷ ರಿಯಾಯಿತಿ ಕೊಡುತ್ತಾರೆ. ಅವನಿಗೆ ಅದಿಲ್ಲ. ಅವನಿಗೆ ವಯಸ್ಸು ಎಷ್ಟಾಯಿತು? ಮುಂದಿನ ಸಲ ಅರ್ಜಿ ಹಾಕಲು ಬರುತ್ತದಾ? ನಾನು ಇಲಾಖಾ ಪರೀಕ್ಷೆಗೆ ಬರೆದುಕೊಂಡ ಇಂಗ್ಲಿಷ್ ನೋಟ್ಸ್ ಅಟ್ಟದ ಮೇಲಿನ ಟ್ರಂಕಿನಲ್ಲಿದೆ, ಹಾಳೆ ಹಳದಿಯಾಗಿದ್ದರೂ ವ್ಯಾಕರಣ ಬದಲಾಗಿಲ್ಲ. ಅವನಿಗೆ ಬೇಕಾ ಅಂತ ಕೇಳಿ ತಿಳಿಸು, ಇಳಿಸಿ ಇಟ್ಟಿರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ